ಮುನ್ನೂರು ರೂಪಾಯಿ ಬಾಕಿ

ಡಿಸೆಂಬರ್ ರಜೆಗೆ ಎಲ್ಲಿಗೆ ಹೋಗುವುದು ಎಂಬ ಚರ್ಚೆ ನಮ್ಮ ಮನೆಯಲ್ಲಿ ನವರಾತ್ರಿಗೇ ಶುರುವಾಗಿತ್ತು. ಮಗಳು ಊಟಿ ಎಂದಳು. ಅಳಿಯ ಗೋವಾ ಎಂದು ಹೇಳಿ, ತನಗೆ ಮಾತ್ರ ರಜೆ ಸಿಗುವುದಿಲ್ಲ ಎಂದೂ ಸೇರಿಸಿದ. ಆರನೇ ತರಗತಿಯ ಮೊಮ್ಮಗಳು ಪುಟ್ಟಿ, "ಹಡಗು ಇರುವ ಊರು" ಎಂದಳು. ಹಡಗು ನೋಡಲು ನಮ್ಮ ಪಣಂಬೂರು ಸಾಲದೇ ಎಂದು ಕೇಳಿದೆ. "ಅದು ದೂರದಲ್ಲಿ ಚುಕ್ಕೆ ಹಾಗೆ ಕಾಣ್ತದೆ ಅಜ್ಜ, ನನಗೆ ಹತ್ತಿರದಿಂದ ಬೇಕು."

"ಹಾಗಾದರೆ ಕೊಚ್ಚಿ" ಎಂದುಬಿಟ್ಟೆ.

ಎಲ್ಲರೂ ನನ್ನ ಮುಖ ನೋಡಿದರು. ಎರಡು ಮೊಣಕಾಲಿಗೂ ಎಣ್ಣೆ ತಿಕ್ಕಿಸಿಕೊಂಡು ಕೂತಿರುವ ಎಪ್ಪತ್ತನಾಲ್ಕರ ಮುದುಕ, ಪುತ್ತೂರಿನಿಂದ ಮಂಗಳೂರಿಗೆ ಹೋಗಲೂ ಹತ್ತು ಸಲ ಯೋಚಿಸುವವನು, ಕೊಚ್ಚಿಯ ಹೆಸರು ಎತ್ತಿದ್ದು ಅವರಿಗೆ ಆಶ್ಚರ್ಯವೇ. 1977ರಿಂದ 1980ರವರೆಗೆ ನಾನು ಅಲ್ಲಿನ ಮಟ್ಟಾಂಚೇರಿಯ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದೆ ಎಂಬುದು ಅವರಿಗೆ ಗೊತ್ತಿತ್ತು. ಆ ಊರಿನಲ್ಲಿ ನನ್ನದೊಂದು ಬಾಕಿ ಉಳಿದಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ನನ್ನ ಹೆಂಡತಿಗೂ.

ಆಗ ನಾನು ರಾತ್ರಿ ರೈಲಿನಲ್ಲಿ, ಒಂದು ಟ್ರಂಕು ಮತ್ತು ಹಾಸಿಗೆ ಸುರುಳಿಯೊಂದಿಗೆ, ನಿದ್ದೆಯಿಲ್ಲದೆ ಹೋಗಿ ಇಳಿದವನು. ಈಗ ವಂದೇ ಭಾರತ್ ರೈಲು ಬೆಳಿಗ್ಗೆ ಮಂಗಳೂರು ಬಿಟ್ಟರೆ ಊಟದ ಹೊತ್ತಿಗೆ ಎರ್ನಾಕುಲಂ. ಹೆಂಡತಿ "ನನಗೆ ಮೆಟ್ಟಿಲು, ದೋಣಿ ಎಲ್ಲ ಆಗುವುದಿಲ್ಲ" ಎಂದು ಮನೆಯಲ್ಲೇ ಉಳಿದಳು. ಮಗಳು, ಪುಟ್ಟಿ, ನಾನು, ಹೀಗೆ ಮೂರೇ ಜನ.

ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ದೋಣಿಯಲ್ಲೇ ಹೋಗಬೇಕೆಂದು ನಾನು ಹಟ ಹಿಡಿದೆ. ಕೊಚ್ಚಿಯನ್ನು ನೀರಿನ ಮೇಲಿನಿಂದ ನೋಡದಿದ್ದರೆ ನೋಡಿದ ಹಾಗೆಯೇ ಅಲ್ಲ. ಹಿಂದೆ ನಾವು ಹೋಗುತ್ತಿದ್ದದ್ದು ಹೊಗೆ ಉಗುಳುವ, ಮರದ ಬೆಂಚಿನ ಬೋಟಿನಲ್ಲಿ. ಈಗ 2023ರಿಂದ ವಾಟರ್ ಮೆಟ್ರೋ ಬಂದಿದೆ. ಬ್ಯಾಟರಿಯಿಂದ ಓಡುವ ದೊಡ್ಡ ದೋಣಿ, ಒಳಗೆ ಎ.ಸಿ., ಗಾಜಿನ ಕಿಟಕಿ. ಹೈಕೋರ್ಟ್ ಕಟ್ಟೆಯಿಂದ ಫೋರ್ಟ್ ಕೊಚ್ಚಿಗೆ 40 ರೂಪಾಯಿ. ನನಗೆ ಹಿಡಿಸಿದ್ದು ಎ.ಸಿ.ಯಲ್ಲ, ಅದರ ಕಟ್ಟೆ. ಭರತ ಇಳಿತಕ್ಕೆ ತಕ್ಕಂತೆ ಕಟ್ಟೆಯೇ ನೀರಿನ ಮೇಲೆ ತೇಲಿ ಏರಿಳಿಯುವುದರಿಂದ ಅದು ಸದಾ ದೋಣಿಯ ಮಟ್ಟದಲ್ಲೇ ಇರುತ್ತದೆ. ಹಾರಬೇಕಿಲ್ಲ, ಯಾರ ಕೈಯನ್ನೂ ಹಿಡಿಯಬೇಕಿಲ್ಲ. ನನ್ನ ಹೆಂಡತಿಯೂ ಬರಬಹುದಿತ್ತಲ್ಲ ಎನಿಸಿತು.

ಪುಟ್ಟಿಗೆ ಬೇಕಾದ ಹಡಗುಗಳು ಹತ್ತೇ ನಿಮಿಷದಲ್ಲಿ ಸಿಕ್ಕವು. ಒಂದು ಕಡೆ ವಲ್ಲಾರ್ಪಾಡಂ ದ್ವೀಪದ ಕಂಟೇನರ್ ಬಂದರಿನ ಎತ್ತರದ ಕ್ರೇನುಗಳು, ಇನ್ನೊಂದು ಕಡೆ ವಿಲಿಂಗ್ಡನ್ ದ್ವೀಪ. "ಈ ದ್ವೀಪ ಮನುಷ್ಯರು ಮಾಡಿದ್ದು" ಎಂದಾಗ ಅವಳು ನಂಬಲಿಲ್ಲ.

ಕೊಚ್ಚಿಯ ಬಂದರನ್ನು ಮೊದಲು ಮಾಡಿಕೊಟ್ಟದ್ದು ಪ್ರಕೃತಿ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಭಾರೀ ನೆರೆಯಲ್ಲಿ ಹಳೆಯ ಮುಜಿರಿಸ್ ಬಂದರು ಹೂಳು ತುಂಬಿ ಹಾಳಾಯಿತು, ಕೊಚ್ಚಿಯ ಬಳಿ ಸಮುದ್ರಕ್ಕೆ ಬಾಯಿ ತೆರೆಯಿತು ಎಂದು ಹೇಳುತ್ತಾರೆ. ಆದರೆ ಆ ಬಾಯಿಯಲ್ಲಿ ಮರಳಿನ ದಿಬ್ಬವೊಂದು ಅಡ್ಡವಿತ್ತು. ದೊಡ್ಡ ಹಡಗುಗಳು ಹೊರಗಿನ ಕಡಲಿನಲ್ಲೇ ನಿಲ್ಲಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಗ್ಲಿಷ್ ಎಂಜಿನಿಯರ್ ವರ್ಷಗಟ್ಟಲೆ ಅಲೆಗಳನ್ನೂ ಮರಳನ್ನೂ ಅಭ್ಯಾಸ ಮಾಡಿ ಆ ದಿಬ್ಬವನ್ನು ಕೊರೆಸಿದ. 1928ರಲ್ಲಿ ದೊಡ್ಡ ಹಡಗು ಒಳಗೆ ಬಂತು. ಹಿನ್ನೀರನ್ನು ಆಳ ಮಾಡುವಾಗ ತೆಗೆದ ಮಣ್ಣನ್ನೇ ಒಂದು ಕಡೆ ಸುರಿದು ವಿಲಿಂಗ್ಡನ್ ದ್ವೀಪ ಮಾಡಿದರು. ಅದರ ಮೇಲೆ ರೈಲು ನಿಲ್ದಾಣವೂ ಬಂತು, ವಿಮಾನ ನಿಲ್ದಾಣವೂ ಬಂತು. "ತೆಗೆದ ಮಣ್ಣನ್ನು ಬಿಸಾಡದೆ ಊರು ಮಾಡಿದ್ರಾ!" ಎಂದು ಪುಟ್ಟಿ ಬೆರಗಾದಳು. ನಮ್ಮ ತೋಟದ ಕೆರೆ ತೋಡಿಸಿದಾಗ ತೆಗೆದ ಮಣ್ಣು ಎರಡು ವರ್ಷ ಅಂಗಳದಲ್ಲೇ ಬಿದ್ದಿದ್ದು ಅವಳಿಗೆ ನೆನಪಿದೆ.

ಫೋರ್ಟ್ ಕೊಚ್ಚಿಯಲ್ಲಿ ನಾವು ಉಳಿದದ್ದು ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ. ಕ್ರಿಸ್ಮಸ್ ಹತ್ತಿರ ಬಂದಿದ್ದರಿಂದ ಬೀದಿಯ ಪ್ರತಿ ಮನೆಗೂ ಕಾಗದದ ನಕ್ಷತ್ರ. ಸಂಜೆ ಚೀನೀ ಬಲೆಗಳ ಹತ್ತಿರ ಹೋದೆವು. ಕೊಚ್ಚಿ ಎಂದರೆ ಎಲ್ಲರೂ ತೋರಿಸುವ ಚಿತ್ರ ಇದೇ. ದಡದಲ್ಲಿ ಸಾಲಾಗಿ ನಿಂತ ಮರದ ಚೌಕಟ್ಟುಗಳು, ಅವುಗಳ ತುದಿಯಲ್ಲಿ ಜೋತಾಡುವ ದೊಡ್ಡ ಬಲೆ. ನಮ್ಮ ಹಳೆಯ ಏತದ ಹಾಗೆಯೇ ಇದರ ಲೆಕ್ಕ. ಒಂದು ಕಡೆ ಬಲೆ, ಇನ್ನೊಂದು ಕಡೆ ಹಗ್ಗದಲ್ಲಿ ಸಾಲಾಗಿ ಕಟ್ಟಿದ ಕಲ್ಲುಗಳು. ಭಾರ ಸಮ ಇರುವುದರಿಂದ ನಾಲ್ಕೈದು ಜನ ಹಗ್ಗ ಜಗ್ಗಿದರೆ ಅಷ್ಟು ದೊಡ್ಡ ಬಲೆ ನೀರಿನಿಂದ ಏಳುತ್ತದೆ. ಚೀನಾದ ವ್ಯಾಪಾರಿಗಳು ತಂದದ್ದು ಎನ್ನುತ್ತಾರೆ. ಮಕಾವಿನಿಂದ ಪೋರ್ಚುಗೀಸರು ತಂದದ್ದು ಎನ್ನುವವರೂ ಇದ್ದಾರೆ. ಹಗ್ಗ ಎಳೆಯುವವರು ಪ್ರವಾಸಿ ಮಕ್ಕಳಿಗೂ ಒಂದು ಕೈ ಹಾಕಲು ಬಿಡುತ್ತಾರೆ, ಆಮೇಲೆ ನೂರು ರೂಪಾಯಿ ಕೇಳುತ್ತಾರೆ. ಪುಟ್ಟಿ ಎಳೆದ ಬಲೆಯಲ್ಲಿ ಬಂದದ್ದು ಎಂಟು ಹತ್ತು ಸಣ್ಣ ಮೀನು, ಒಂದು ಏಡಿ, ಬುಟ್ಟಿ ತುಂಬುವಷ್ಟು ನೀರು ಕಳೆ. ಮೀನಿಗಿಂತ ಪ್ರವಾಸಿಗರಿಂದಲೇ ಅವರ ಹೊಟ್ಟೆ ತುಂಬುವುದು ಎಂದು ನನಗೆ ಅನ್ನಿಸಿತು. ನಮ್ಮ ಕಾಲದಲ್ಲಿ ಬಲೆ ಏಳುವಾಗ ಕಾದು ನಿಂತು, ಜೀವಂತ ಸಿಗಡಿ ಕೊಂಡು ಹೋಗುವ ಗೃಹಿಣಿಯರ ಗುಂಪೇ ಇರುತ್ತಿತ್ತು.

ಮರುದಿನ ಸೇಂಟ್ ಫ್ರಾನ್ಸಿಸ್ ಚರ್ಚು. 1503ರಲ್ಲಿ ಮರದಲ್ಲಿ ಕಟ್ಟಿ ಆಮೇಲೆ ಕಲ್ಲಿನದಾಯಿತು. ಭಾರತದಲ್ಲಿ ಐರೋಪ್ಯರು ಕಟ್ಟಿದ ಮೊದಲ ಚರ್ಚು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದ ಕಟ್ಟಡ. ಒಳಗೆ ಚಾವಣಿಯಿಂದ ಉದ್ದಕ್ಕೆ ಬಟ್ಟೆಯ ಬೀಸಣಿಗೆಗಳು ಇಳಿಬಿದ್ದಿವೆ, ಅವುಗಳ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಒಳಗೆ ಪ್ರಾರ್ಥನೆ ನಡೆಯುವಾಗ ಹೊರಗೆ ಬಿಸಿಲಿನಲ್ಲಿ ಕೂತು ಯಾರೋ ಎಳೆಯುತ್ತಿದ್ದರು. ಎಳೆದವರ ಹೆಸರು ಎಲ್ಲೂ ಬರೆದಿಲ್ಲ. ನೆಲದಲ್ಲಿ ವಾಸ್ಕೋ ಡ ಗಾಮನ ಗೋರಿಕಲ್ಲು. 1524ರ ಕ್ರಿಸ್ಮಸ್‌ನ ಹಿಂದಿನ ದಿನ ಅವನು ಕೊಚ್ಚಿಯಲ್ಲೇ ತೀರಿಕೊಂಡ. ಹದಿನಾಲ್ಕು ವರ್ಷದ ನಂತರ ಎಲುಬುಗಳನ್ನು ಪೋರ್ಚುಗಲ್‌ಗೆ ಒಯ್ದರು.

"ಅಂದರೆ ಇದರೊಳಗೆ ಎಂತದ್ದೂ ಇಲ್ಲವಾ?"

"ಇಲ್ಲ."

"ಮತ್ತೆ ಇಷ್ಟು ಜನ ಖಾಲಿ ಗುಂಡಿಯ ಫೋಟೋ ತೆಗೀತಾ ಇದ್ದಾರಲ್ಲ ಅಜ್ಜ!"

ಹಿಂದೆ ನಿಂತಿದ್ದ ಕಾಸರಗೋಡಿನ ದಂಪತಿಗಳಿಗೆ ಕನ್ನಡ ಅರ್ಥವಾಗಿ ನಗು ತಡೆಯಲಾಗಲಿಲ್ಲ.

ಆ ರಾತ್ರಿ ಮಹಡಿಯ ಜಗಲಿಯಲ್ಲಿ ಕೂತಿದ್ದಾಗ, ಮಗಳು ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಪುಟ್ಟಿ ಕೇಳಿದಳು: "ನಾಳೆ ಮಟ್ಟಾಂಚೇರಿಯಲ್ಲಿ ನಿನಗೆ ಯಾರನ್ನಾದರೂ ಕಾಣ್ಲಿಕ್ಕಿದೆಯಾ? ರೈಲಿನಲ್ಲಿ ನೀನು ಅಂಗಿ ಜೇಬಿನ ಕವರನ್ನು ಮೂರು ಸಲ ಮುಟ್ಟಿ ನೋಡಿದೆ." ಮಕ್ಕಳ ಕಣ್ಣಿಗಿಂತ ದೊಡ್ಡ ಆಡಿಟ್ ಇಲ್ಲ. ಅವಳಿಗೆ ಹೇಳಿದೆ.

1978ರ ನವೆಂಬರ್. ನಾನು ಕ್ಯಾಷ್ ಕೌಂಟರಿನಲ್ಲಿದ್ದೆ. ಮಟ್ಟಾಂಚೇರಿ ಎಂದರೆ ಕಾಳುಮೆಣಸು, ಒಣಶುಂಠಿ, ಏಲಕ್ಕಿ, ಅರಿಸಿನದ ಪೇಟೆ. ಕೊಯ್ಲಿನ ಕಾಲ ಹತ್ತಿರ ಬಂದರೆ ಕೌಂಟರಿನ ಮುಂದೆ ಹನುಮಂತನ ಬಾಲ. ಎಲ್ಲ ಕೈಯಲ್ಲೇ ಎಣಿಸಬೇಕು. ಆ ದಿನ ಸಂಜೆ ಲೆಕ್ಕ ಮುಚ್ಚುವಾಗ ಸಾವಿರ ರೂಪಾಯಿ ಕಡಿಮೆ. ಹತ್ತು ರೂಪಾಯಿ ನೋಟಿನ ಒಂದು ಪೂರ್ತಿ ಕಟ್ಟು. ಯಾರಿಗೋ ಒಂದು ಕಟ್ಟು ಹೆಚ್ಚು ಕೊಟ್ಟುಬಿಟ್ಟಿದ್ದೆ. ಮೂರು ಸಲ ಎಣಿಸಿದೆವು. ಕಸದ ಬುಟ್ಟಿ ಸುರಿದು ನೋಡಿದೆವು. ಅದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮ್ಯಾನೇಜರು ಕೆಟ್ಟವರಲ್ಲ. "ನಾಳೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ತುಂಬಿಬಿಡು, ಇಲ್ಲದಿದ್ದರೆ ನಾನು ಮೇಲಕ್ಕೆ ಬರೆಯಲೇಬೇಕು" ಎಂದರು. ಪುತ್ತೂರಿಗೆ ತಂತಿ ಕಳಿಸಿದರೂ ಅಪ್ಪನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ತಂಗಿಯ ಮದುವೆ ಗೊತ್ತಾಗಿತ್ತು.

ಆ ಬೀದಿಯಲ್ಲಿ ಸುದ್ದಿ ಹಬ್ಬಲು ಒಂದು ಗಂಟೆ ಸಾಕು. ರಾತ್ರಿ ನಾನು ಉಳಿದಿದ್ದ ಕೊಂಕಣಿಯವರ ಮನೆಗೆ ಒಬ್ಬ ಹುಡುಗ ಬಂದು, "ಸೇಟ್ ಕರೀತಾರೆ" ಎಂದ. ಯಹೂದಿ ಬೀದಿಯ ಕಾಳುಮೆಣಸಿನ ವ್ಯಾಪಾರಿ, ಗುಜರಾತಿ ಜೈನರು. ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಕೂತು, ಎದುರಿಗೆ ಒಂದು ಲೋಟ ನೀರು ಇಟ್ಟುಕೊಂಡು, ಬಂದ ಮೆಣಸಿನಿಂದ ಒಂದು ಚಿಟಿಕೆ ಅದಕ್ಕೆ ಹಾಕುವರು. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಲೋಟ ನೋಡಿ ದರ ಹೇಳುವರು. ಆ ರಾತ್ರಿ ಅವರು ನನ್ನನ್ನೂ ಹಾಗೆಯೇ ನೋಡಿದರು ಎನ್ನಿಸುತ್ತದೆ. ಸಾವಿರ ರೂಪಾಯಿ ಎಣಿಸಿ ಕೊಟ್ಟು, "ತಿಂಗಳಿಗೆ ಐವತ್ತು ಕೊಡು, ಬಡ್ಡಿ ಬೇಡ, ಕಾಗದವೂ ಬೇಡ" ಎಂದರು.

ಕಾಗದ ಬೇಡ ಎಂದದ್ದು ನನಗಾಗಿಯೇ. ಬ್ಯಾಂಕಿನ ನೌಕರ ಗ್ರಾಹಕರಿಂದ ಸಾಲ ಪಡೆಯಬಾರದು ಎಂಬುದು ನಿಯಮ. ನಾನು ಗೊತ್ತಿದ್ದೇ ಅದನ್ನು ಮುರಿದೆ. ತಂಗಿಯ ಮದುವೆಗೆಂದು ಮೂರು ತಿಂಗಳು ತಪ್ಪಿದ್ದು ಬಿಟ್ಟರೆ ಹದಿನಾಲ್ಕು ಕಂತು ಕೊಟ್ಟೆ, ಏಳುನೂರು. 1980ರ ಮೇ ತಿಂಗಳಿನಲ್ಲಿ ಇದ್ದಕ್ಕಿದ್ದಂತೆ ವರ್ಗದ ಆದೇಶ ಬಂತು. ಸೇಟ್ ಊರಿನಲ್ಲಿರಲಿಲ್ಲ. ಮುನ್ನೂರು ಉಳಿಯಿತು.

"ಆಮೇಲೆ ಕಳಿಸಲಿಲ್ಲವಾ?"

"ಎರಡು ವರ್ಷ ಬಿಟ್ಟು ನೂರು ರೂಪಾಯಿ ಮನಿಯಾರ್ಡರ್ ಮಾಡಿದೆ. ಆ ಹೆಸರಿನವರು ಇಲ್ಲ ಎಂದು ವಾಪಸು ಬಂತು."

"ಮತ್ತೆ?"

ಮತ್ತೆ ಏನೂ ಇಲ್ಲ. ಆ ಶಾಖೆಯಲ್ಲಿದ್ದ ಗೆಳೆಯರಿಗೆ ಒಂದು ಕಾರ್ಡು ಬರೆದಿದ್ದರೆ ಅವರು ಎಲ್ಲಿಗೆ ಹೋದರೆಂದು ತಿಳಿಯುತ್ತಿತ್ತು. ಬರೆಯಲಿಲ್ಲ. ಬರೆದರೆ ಸಾಲದ ವಿಷಯ ಹೊರಗೆ ಬರುತ್ತದೆ, ಬಡ್ತಿಗೆ ತೊಂದರೆಯಾಗುತ್ತದೆ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ ಆ ಮನಿಯಾರ್ಡರ್ ವಾಪಸು ಬಂದಾಗ ನನಗೆ ಸ್ವಲ್ಪ ಹಗುರವೇ ಆಗಿತ್ತು. ಇದನ್ನು ಮೊಮ್ಮಗಳಿಗೆ ಹೇಳುವಾಗ ಸಮುದ್ರದ ಕಡೆ ಮುಖ ಮಾಡಿ ಹೇಳಿದೆ.

ಅವಳು ಅಮ್ಮನ ಫೋನಿನಲ್ಲಿ ಏನೋ ಒತ್ತತೊಡಗಿದಳು. "ಮುನ್ನೂರು ರೂಪಾಯಿ, ನಲವತ್ತೈದು ವರ್ಷ, ಹತ್ತು ಪರ್ಸೆಂಟ್. ಸರಳ ಬಡ್ಡಿಯಾದರೆ ಒಟ್ಟು 1,650. ಚಕ್ರಬಡ್ಡಿಯಾದರೆ..." ಎಂದು ನಿಲ್ಲಿಸಿ ಮತ್ತೆ ಒತ್ತಿದಳು. "ಅಜ್ಜ! 21,867!"

ಚಕ್ರಬಡ್ಡಿಯ ಪಾಠ ಅವಳಿಗೆ ನಾನೇ ಹೇಳಿಕೊಟ್ಟದ್ದು.

ಗುರುವಾರ ಬೆಳಿಗ್ಗೆ ಆಟೋದಲ್ಲಿ ಮಟ್ಟಾಂಚೇರಿ. ಹೋಗುವವರಿಗೆ ಒಂದು ಮಾತು: ಅರಮನೆಗೆ ಶುಕ್ರವಾರ ರಜೆ, ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಶನಿವಾರ ರಜೆ. ಅರಮನೆಯನ್ನು ಡಚ್ ಅರಮನೆ ಎಂದು ಕರೆದರೂ 1555ರಲ್ಲಿ ಕೊಚ್ಚಿಯ ರಾಜನಿಗೆ ಕಟ್ಟಿಕೊಟ್ಟವರು ಪೋರ್ಚುಗೀಸರು. ಡಚ್ಚರು 1663ರಲ್ಲಿ ದುರಸ್ತಿ ಮಾಡಿದ್ದಷ್ಟೇ, ಹೆಸರು ಮಾತ್ರ ಅವರದ್ದು. ಹೊರಗಿನಿಂದ ನಮ್ಮ ಕಡೆಯ ದೊಡ್ಡ ಗುತ್ತಿನ ಮನೆಯ ಹಾಗೆ. ಒಳಗಿನ ಮಲಗುವ ಕೋಣೆಯಲ್ಲಿ ಗೋಡೆ ತುಂಬ ರಾಮಾಯಣ. ದಶರಥನ ಯಾಗದಿಂದ ಹಿಡಿದು ಎಲ್ಲ ಇದೆ. ಕಾವಿ, ಹಸಿರು, ಹಳದಿ ಬಣ್ಣಗಳು ಒತ್ತೊತ್ತಾಗಿ, ಒಂದಂಗುಲ ಜಾಗವೂ ಖಾಲಿಯಿಲ್ಲ. ಯಕ್ಷಗಾನ ನೋಡಿ ಬೆಳೆದ ಪುಟ್ಟಿ ಕಿರೀಟಗಳನ್ನು ನೋಡಿಯೇ ಯಾರು ಯಾರೆಂದು ಗುರುತು ಹಿಡಿದಳು.

ಅರಮನೆಯಿಂದ ಹೊರಬಿದ್ದು ನಾಲ್ಕು ಹೆಜ್ಜೆ ಹೋದರೆ ಯಹೂದಿ ಬೀದಿ. ಜನ ಈಗ ಕೊಚ್ಚಿಗೆ ಬರುವುದೇ ಈ ಬೀದಿಗಾಗಿ. ಎರಡೂ ಕಡೆ ಹಳೆಯ ಹೆಂಚಿನ ಮನೆಗಳು, ಕೆಳಗೆ ಅಂಗಡಿ, ಮೇಲೆ ಮರದ ಕಿಟಕಿ. ಹಳದಿ, ನೀಲಿ, ಕೆಂಪು ಗೋಡೆಗಳು. ಹಿತ್ತಾಳೆಯ ದೀಪ, ಹಳೆಯ ಬೀಗ, ಹಡಗಿನ ದಿಕ್ಸೂಚಿ, ಯಾವುದೋ ಮನೆಯಿಂದ ಕಿತ್ತು ತಂದ ಬಾಗಿಲು, ಕಾಶ್ಮೀರದ ಶಾಲು, ಅತ್ತರಿನ ಬಾಟಲಿ, ಶುಂಠಿಯ ಸೋಪು, ಎಲ್ಲ ಸಿಗುತ್ತದೆ. ಹಳೆಯ ಸಾಮಾನುಗಳ ಒಂದು ಅಂಗಡಿಯಲ್ಲಿ ಊರಿಗೆಲ್ಲ ಪಾಯಸ ಕಾಯಿಸುವಷ್ಟು ದೊಡ್ಡ ಉರುಳಿ ಇಟ್ಟಿದ್ದಾರೆ. ಅದರೊಳಗೆ ಪುಟ್ಟಿಯ ಇಡೀ ತರಗತಿ ಕೂರಬಹುದು. ಮಗಳು ಪ್ರತಿ ಅಂಗಡಿಗೂ ಹತ್ತಿಳಿದಳು. ಒಂದು ಮಸಾಲೆ ಅಂಗಡಿಯಲ್ಲಿ ಚೆಂದದ ಬಟ್ಟೆಯ ಚೀಲದಲ್ಲಿ ಕಾಲು ಕಿಲೋ ಕಾಳುಮೆಣಸು ಕೊಂಡು ತಂದು ಹೆಮ್ಮೆಯಿಂದ ತೋರಿಸಿದಳು. ಅಡಿಕೆ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದಲ್ಲಿ ಹುಟ್ಟಿ ಬೆಳೆದವಳು! "ಅಮ್ಮನಿಗೆ ಹೇಳಬೇಡಿ" ಎಂದಳು. ಬರೆದರೆ ತೊಂದರೆಯಿಲ್ಲವಲ್ಲ.

ಇಲ್ಲಿ ಮಕ್ಕಳಿಗಾಗಿ ಒಂದು ಸಂಗತಿ. ನಮ್ಮ ಕರಾವಳಿಯಲ್ಲಿ ಕಾಳುಮೆಣಸಿಗೆ ಒಳ್ಳೆಮೆಣಸು ಎನ್ನುತ್ತೇವೆ. ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ನಲ್ಲಮುಳಕ್. ಮೂರಕ್ಕೂ ಅರ್ಥ ಒಂದೇ. ಹಾಗಾದರೆ ಕೆಟ್ಟ ಮೆಣಸು ಯಾವುದು? ಕೆಟ್ಟದ್ದೇನಲ್ಲ, ಆಮೇಲೆ ಬಂದದ್ದು. ಹಸಿ ಮೆಣಸು, ಒಣ ಮೆಣಸು ಎಂದು ನಾವು ತಿನ್ನುವ ಗಿಡ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗುಗಳಲ್ಲಿ ಇಲ್ಲಿಗೆ ಬಂತು. ಅವರು ಒಳ್ಳೆಮೆಣಸು ಹುಡುಕಿಕೊಂಡು ಬಂದು ಇನ್ನೊಂದು ಮೆಣಸನ್ನು ಕೊಟ್ಟು ಹೋದರು. ಬಿಳಿ ಮೆಣಸು, ಕರಿ ಮೆಣಸು ಬೇರೆ ಬೇರೆ ಗಿಡದ್ದಲ್ಲ. ಬಲಿತ ಹಸಿರು ಕಾಳನ್ನು ಬಿಸಿಲಿಗೆ ಒಣಗಿಸಿದರೆ ಕಪ್ಪು, ಹಣ್ಣಾದ ಕಾಳನ್ನು ನೆನೆಸಿ ಸಿಪ್ಪೆ ತೆಗೆದರೆ ಬಿಳಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದೂ ಇದರಿಂದಲೇ.

ಬೀದಿಯ ತುದಿಯಲ್ಲಿ ಪರದೇಸಿ ಸಿನಗಾಗ್. 1568ರದ್ದು. ಗಡಿಯಾರದ ಗೋಪುರ 1760ರದ್ದು, ಒಂದೊಂದು ಮುಖದ ಮೇಲೆ ಒಂದೊಂದು ಲಿಪಿಯ ಅಂಕಿ: ಹೀಬ್ರೂ, ರೋಮನ್, ಮಲಯಾಳಂ. ಚಪ್ಪಲಿ ಬಿಟ್ಟು ಒಳಗೆ ಹೋದರೆ ನೆಲಕ್ಕೆ ಚೀನಾದಿಂದ ತರಿಸಿದ ಬಿಳಿ ನೀಲಿ ಹಂಚುಗಳು. ಕೈಯಲ್ಲಿ ಚಿತ್ರ ಬರೆದದ್ದರಿಂದ ಒಂದರಂತೆ ಇನ್ನೊಂದಿಲ್ಲ. ಪುಟ್ಟಿ ಬಗ್ಗಿ ಬಗ್ಗಿ ಒಂದೇ ತರದ ಎರಡನ್ನು ಹುಡುಕಿ ಸೋತಳು. 1968ರಲ್ಲಿ ಇದಕ್ಕೆ ನಾನೂರು ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು, ಅಂಚೆ ಚೀಟಿಯೂ ಬಂತು.

ನನಗೆ ಅಲ್ಲಿ ನೆನಪಾದದ್ದು ಒಬ್ಬ ವೃದ್ಧೆ. ನಮ್ಮ ಶಾಖೆಗೆ ಬಂದು ಉಳಿತಾಯ ಖಾತೆ ಮುಚ್ಚಲು ಅರ್ಜಿ ಕೊಟ್ಟಿದ್ದರು. ಕಾರಣ ಎಂಬ ಜಾಗದಲ್ಲಿ "ಮಕ್ಕಳ ಹತ್ತಿರ, ಇಸ್ರೇಲ್" ಎಂದು ಬರೆದಿದ್ದರು. ಸ್ಪಷ್ಟವಾದ ಮಲಯಾಳ ಅಕ್ಷರ. ಹಣ ಎಣಿಸಿ ತೆಗೆದುಕೊಂಡ ಮೇಲೆ, ರದ್ದು ಮಾಡಿದ ಪಾಸ್‌ಬುಕ್ಕನ್ನು ತಾನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಕೊಡುವ ಪದ್ಧತಿ ಇರಲಿಲ್ಲ. ಕೊಟ್ಟೆ. ಬೀದಿಗೆ ಯಹೂದಿಗಳ ಹೆಸರು ಇನ್ನೂ ಇದೆ, ಆ ಸಮುದಾಯದವರು ಬೆರಳೆಣಿಕೆಯಷ್ಟೂ ಉಳಿದಿಲ್ಲ. ಅಂಗಡಿಗಳಲ್ಲಿ ಅವರ ಚಿತ್ರದ ಪೋಸ್ಟ್ ಕಾರ್ಡು ಸಿಗುತ್ತದೆ.

ಅದೇ ಬೀದಿಯಲ್ಲಿ ಕಾಳುಮೆಣಸಿನ ವಾಯಿದೆ ಪೇಟೆಯ ಕಟ್ಟಡವಿದೆ. 1957ರಲ್ಲಿ ಶುರುವಾದದ್ದು. ಮುಂದಿನ ತಿಂಗಳ ಮೆಣಸಿಗೆ ಇವತ್ತೇ ದರ ಕಟ್ಟುವ ಜಾಗ. ನಮ್ಮ ಕಾಲದಲ್ಲಿ ದಲ್ಲಾಳಿಗಳೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಹೊರಗಿನಿಂದ ಕೇಳಿದವರಿಗೆ ಒಳಗೆ ಜಗಳ ನಡೆಯುತ್ತಿದೆ ಎನ್ನಿಸಬೇಕು. ಈಗ ಸದ್ದಿಲ್ಲ.

ಸೇಟ್ ಅವರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮೂಲೆಯಿಂದ ಐದನೆಯದು, ಬಾಗಿಲಿಗೆ ಮೂರು ಮೆಟ್ಟಿಲು. ಮೆಟ್ಟಿಲು ಹಾಗೆಯೇ ಇವೆ. ಒಳಗೆ ಗಾದಿಯ ಜಾಗದಲ್ಲಿ ಗಾಜಿನ ಕಪಾಟು, ಬೆಳ್ಳಿಯ ಓಲೆ, ಶಾಲುಗಳು. ಕಾಶ್ಮೀರದ ಯುವಕ, ಬಹಳ ಮರ್ಯಾದೆಯವನು, ನನಗೆ ಕುರ್ಚಿ ಕೊಟ್ಟ. ನಾನು ನನ್ನ ಹರಕು ಹಿಂದಿಯಲ್ಲಿ ವಿಷಯ ಹೇಳಿದೆ. ಅವನು ತನ್ನ ಮಾಲೀಕರಿಗೆ ಫೋನು ಮಾಡಿದ. ಅವರು ಈ ಅಂಗಡಿಯನ್ನು ಬಾಡಿಗೆಗೆ ಹಿಡಿದದ್ದು ಇಪ್ಪತ್ತು ವರ್ಷದ ಹಿಂದೆ, ಅದಕ್ಕೂ ಮೊದಲು ಇಲ್ಲಿ ಬೇರೆ ಯಾರೋ ಇದ್ದರಂತೆ. ಹುಡುಗ ಬಿಡಲಿಲ್ಲ, ಹಿಂದಿನ ಓಣಿಯ ಶುಂಠಿ ಗೋದಾಮಿಗೆ ಕರೆದುಕೊಂಡು ಹೋದ. ಅಂಗಳದಲ್ಲಿ ಹೆಂಗಸರು ಒಣಶುಂಠಿ ಜಾಲಿಸುತ್ತಿದ್ದರು. ಅದೇ ವಾಸನೆ! ಗೋಣಿ, ಶುಂಠಿ, ಸುಣ್ಣ, ಉಪ್ಪುಗಾಳಿ ಸೇರಿದ ಆ ವಾಸನೆ ಮೂಗಿಗೆ ಹೋದದ್ದೇ ನನಗೆ ಇಪ್ಪತ್ತೇಳು ವರ್ಷವಾದ ಹಾಗಾಯಿತು. ಅಲ್ಲಿದ್ದ ನನ್ನದೇ ವಯಸ್ಸಿನ ಹಮಾಲಿ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡ. ಸೇಟ್ ನೆನಪಿದ್ದರು ಅವನಿಗೆ.

"ಅವರು ಪಾಲುಗಾರರ ಜೊತೆ ಕೆಟ್ಟು ಅಂಗಡಿ ಮುಚ್ಚಿದರು. ನೀವು ಹೋದ ಮಾರನೇ ವರ್ಷವೋ ಏನೋ. ಬಹಳ ನಷ್ಟ. ಗುಜರಾತಿಗೆ ಹೋದರು. ಮತ್ತೆ ಬರಲಿಲ್ಲ."

ನಾನು ಗೋಣಿಯ ಮೇಲೆ ಕೂತೆ. ನಷ್ಟ ಎಂಬ ಮಾತು ನಾನು ನಿರೀಕ್ಷಿಸಿರಲಿಲ್ಲ. ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಸೇಟ್ ಅದೇ ಬಿಳಿ ಗಾದಿಯ ಮೇಲೆ ಕೂತಿದ್ದರು. ಅವರಿಗೆ ನನ್ನ ಮುನ್ನೂರು ಯಾವ ಲೆಕ್ಕ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅವರಿಗೆ ಒಂದೊಂದು ರೂಪಾಯಿಯೂ ಬೇಕಾಗಿದ್ದ ವರ್ಷದಲ್ಲಿ ನಾನು ಸುಮ್ಮನಿದ್ದೆ.

ಪುಟ್ಟಿ ನನ್ನ ಪಕ್ಕ ಬಂದು ನಿಂತಳು. ಈ ಹೊತ್ತಿಗೆ ಮಗಳಿಗೂ ವಿಷಯ ಗೊತ್ತಾಗಿತ್ತು. "ನನಗಾದರೂ ಹೇಳಬಾರದಿತ್ತಾ ಅಪ್ಪ?" ಎಂದಳು ಅಷ್ಟೇ. ಹಮಾಲಿ ಗೋಡೆಯ ಗಡಿಯಾರ ನೋಡಿ, "ಸೇಟ್ ಈ ಹೊತ್ತಿಗೆ ಅಂಗಡಿಯಲ್ಲಿ ಇರುತ್ತಲೇ ಇರಲಿಲ್ಲ, ಪಾರಿವಾಳಕ್ಕೆ ಹೋಗುತ್ತಿದ್ದರು" ಎಂದ. ನನಗೆ ಥಟ್ಟನೆ ನೆನಪಾಯಿತು. ಹೌದು. ಎಷ್ಟೇ ವ್ಯಾಪಾರವಿರಲಿ, ಮಧ್ಯಾಹ್ನ ಕೈಚೀಲದಲ್ಲಿ ಧಾನ್ಯ ಹಿಡಿದು ಹೊರಟುಬಿಡುವರು. ಚೆಕ್ಕಿಗೆ ಸಹಿ ಬೇಕಿದ್ದರೂ ಅವರು ಬರುವವರೆಗೆ ಕಾಯಬೇಕು. ನಾವು ಕೌಂಟರಿನ ಹಿಂದೆ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ಗುಜರಾತಿ ಬೀದಿಯ ಧರ್ಮನಾಥ ಜೈನ ಮಂದಿರಕ್ಕೆ ಆಟೋದಲ್ಲಿ ಐದು ನಿಮಿಷ. ಬಿಳಿ ಶಿಖರದ ಮಂದಿರ. ಅಂಗಳದಲ್ಲಿ ಹತ್ತಿಪ್ಪತ್ತು ಜನ ಕಾದು ನಿಂತಿದ್ದರು, ಅರ್ಧದಷ್ಟು ನಮ್ಮ ಹಾಗೆ ಪ್ರವಾಸಿಗರು. ಮಾಡಿನ ಅಂಚು, ತಂತಿ, ಶಿಖರದ ಮೆಟ್ಟಿಲು, ಎಲ್ಲೆಲ್ಲೂ ಪಾರಿವಾಳ. ಗಂಟೆ ಬಾರಿಸಿದ್ದೇ ತಡ, ಎಲ್ಲ ಒಟ್ಟಿಗೆ ಎದ್ದು ಶಿಖರಕ್ಕೆ ಸುತ್ತು ಹಾಕತೊಡಗಿದವು. ಅಂಗಳದ ಬಿಸಿಲು ಒಮ್ಮೆ ಬಂದು ಒಮ್ಮೆ ಹೋಗುವಷ್ಟು ದಟ್ಟ. ಆಮೇಲೆ ನೆಲಕ್ಕಿಳಿದವು. ಪುಟ್ಟಿ ಎರಡೂ ಅಂಗೈಯಲ್ಲಿ ಧಾನ್ಯ ಹಿಡಿದು ನಿಂತಳು. ಒಂದು ಅವಳ ಮಣಿಕಟ್ಟಿನ ಮೇಲೆ, ಇನ್ನೊಂದು ನೇರ ತಲೆಯ ಮೇಲೆ ಬಂದು ಕೂತಿತು. ಅವಳು ಉಸಿರು ಬಿಡದೆ ಕಣ್ಣಲ್ಲೇ ನನ್ನನ್ನು ಕರೆದಳು.

ನಾನು ಕಚೇರಿಯ ಕೋಣೆಗೆ ಹೋದೆ. ಜೇಬಿನ ಕವರು ಮೇಜಿನ ಮೇಲಿಟ್ಟೆ. ಅದರಲ್ಲಿ ಎಷ್ಟಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಪುಟ್ಟಿಯ ಸರಳ ಬಡ್ಡಿಗಿಂತ ಹೆಚ್ಚು, ಚಕ್ರಬಡ್ಡಿಗಿಂತ ಕಡಿಮೆ. ಪಾರಿವಾಳದ ಧಾನ್ಯಕ್ಕೆ ಎಂದೆ. ಕನ್ನಡಕದ ಗುಮಾಸ್ತರು ಎಣಿಸಿದರು. ಹೆಬ್ಬೆರಳು ಒದ್ದೆ ಮಾಡಿಕೊಂಡು, ಎರಡು ಸಲ, ಸರಿಯಾದ ಕ್ರಮದಲ್ಲಿ. ರಸೀದಿ ಪುಸ್ತಕ ತೆರೆದು "ಆರುಡೆ ಪೇರಿಲ್?" ಎಂದರು. ಯಾರ ಹೆಸರಿನಲ್ಲಿ?

ಸೇಟ್ ಅವರ ಪೂರ್ತಿ ಹೆಸರು ಹೇಳಿದೆ. ಚಾಲ್ತಿ ಖಾತೆಯ ಲೆಡ್ಜರಿನಲ್ಲಿ ಮೂರು ವರ್ಷ ಬರೆದ ಹೆಸರು, ಇನಿಷಿಯಲ್ ಸಮೇತ ಬಾಯಿಗೆ ಬಂತು. ಅವರು ಬರೆದು ಹರಿದು ಕೊಟ್ಟರು. ಓದಿ ನೋಡಿದೆ. ಹೆಸರು ಸರಿ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಸರಿ. ದಿನಾಂಕ ಮಾತ್ರ ಹಿಂದಿನ ದಿನದ್ದಿತ್ತು. ತಿದ್ದಿಸಿ, ತಿದ್ದಿದ ಜಾಗದ ಪಕ್ಕದಲ್ಲಿ ಒಂದು ಸಣ್ಣ ಸಹಿಯನ್ನೂ ಹಾಕಿಸಿಕೊಂಡೆ. ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಬ್ಯಾಂಕಿನಲ್ಲಿದ್ದಿರಾ?" ಎಂದು ಕೇಳಿದರು.

"ಹೌದು" ಎಂದೆ. "ಇಲ್ಲೇ, ಮಟ್ಟಾಂಚೇರಿಯಲ್ಲಿ."